ಊರಿನ ಚಿತ್ರವೂ ದಾಸ್ತಾನೇ: ಕರಾವಳಿಯ ಒಂದು ದಿನದ ಪ್ರವಾಸ ಮತ್ತು ಛಾಯಾಚಿತ್ರಣ

ಅಕ್ಟೋಬರ್ ತಿಂಗಳು ಕಾಲಿಡುತ್ತಿದ್ದಂತೆ ಕರಾವಳಿಯ ಮುದ್ರಣಾಲಯಗಳಲ್ಲಿ ಕ್ಯಾಲೆಂಡರ್ ಮತ್ತು ಡೈರಿಗಳ ಕೆಲಸ ಆರಂಭವಾಗುತ್ತದೆ. ವ್ಯಾಪಾರಿಯು ತನ್ನ ಸಂಸ್ಥೆಯ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಬರೆದುಕೊಡುತ್ತಾನೆ. ಚಿತ್ರದ ಮಾತು ಬಂದಾಗ ಮಾತ್ರ "ಯಾವುದಾದರೂ ಒಳ್ಳೆಯ ಸಮುದ್ರದ ಚಿತ್ರ ಹಾಕಿ" ಎಂಬ ಒಂದೇ ವಾಕ್ಯದಲ್ಲಿ ವಿಷಯ ಮುಗಿಯುತ್ತದೆ. ಅಂತರಜಾಲದಿಂದ ಇಳಿಸಿಕೊಂಡ ಯಾವುದೋ ದೇಶದ ಬಿಳಿ ಮರಳಿನ ದಂಡೆ ಮಂಗಳೂರಿನ ಹಂಚಿನ ವ್ಯಾಪಾರಿಯ ಅಥವಾ ಕುಂದಾಪುರದ ಗೇರುಬೀಜ ಕಾರ್ಖಾನೆಯ ಕ್ಯಾಲೆಂಡರಿನ ಮೇಲೆ ವರ್ಷವಿಡೀ ತೂಗಾಡುತ್ತದೆ.

ಇದರಿಂದಾಗುವ ನಷ್ಟ ಎರಡು ಬಗೆಯದು. ಮೊದಲನೆಯದಾಗಿ, ಆ ಚಿತ್ರಕ್ಕೆ ಒಬ್ಬ ಒಡೆಯನಿದ್ದಾನೆ. ಅವನ ಒಪ್ಪಿಗೆಯಿಲ್ಲದೆ ಅದನ್ನು ಮುದ್ರಿಸುವುದು ಕಾನೂನಿನ ದೃಷ್ಟಿಯಲ್ಲಿ ಅಪರಾಧ. ಎರಡನೆಯದಾಗಿ, ಸರಕು ಎಲ್ಲಿಯದು ಎಂಬುದನ್ನು ಗ್ರಾಹಕನಿಗೆ ಒಂದೇ ನೋಟದಲ್ಲಿ ತಿಳಿಸಬಹುದಾಗಿದ್ದ ಅವಕಾಶ ಕೈತಪ್ಪುತ್ತದೆ. ದಕ್ಷಿಣ ಕನ್ನಡ, ಉಡುಪಿ ಮತ್ತು ಉತ್ತರ ಕನ್ನಡ ಜಿಲ್ಲೆಗಳ ಕರಾವಳಿಯಲ್ಲಿ ಯಾವುದೇ ಪೇಟೆಯಿಂದ ಬೆಳಗ್ಗೆ ಹೊರಟು ರಾತ್ರಿಯೊಳಗೆ ಮರಳುವಷ್ಟು ದೂರದಲ್ಲಿ ಚಿತ್ರಕ್ಕೆ ಯೋಗ್ಯವಾದ ಸ್ಥಳಗಳು ಹಲವಾರಿವೆ. ಕಚ್ಚಾ ಮಾಲನ್ನು ಸಂಗ್ರಹಿಸಿಡುವಂತೆಯೇ ಊರಿನ ಚಿತ್ರಗಳನ್ನೂ ವರ್ಷವಿಡೀ ಸಂಗ್ರಹಿಸಿಟ್ಟುಕೊಂಡ ವ್ಯಾಪಾರಿಗೆ ಅಕ್ಟೋಬರಿನ ಈ ಪರದಾಟವಿರುವುದಿಲ್ಲ. ಇದಕ್ಕೆ ಬೇಕಾದುದು ಬೆಳಕಿನ ಲೆಕ್ಕ, ಋತುಗಳ ತಿಳಿವಳಿಕೆ ಮತ್ತು ಹಕ್ಕಿಗೆ ಸಂಬಂಧಿಸಿದ ಕಾಗದಪತ್ರ.

ಪಡುವಣ ಕಡಲಿನ ಬೆಳಕು

ನಮ್ಮ ನಾಡಿನ ಕಡಲು ಪಶ್ಚಿಮಕ್ಕಿದೆ. ಛಾಯಾಚಿತ್ರಣದ ಬಹುತೇಕ ಲೆಕ್ಕಾಚಾರ ಈ ಒಂದು ಸಂಗತಿಯಿಂದಲೇ ಹುಟ್ಟುತ್ತದೆ. ಬೆಳಗಿನ ಹೊತ್ತು ಕಡಲಿನ ಕಡೆಗೆ ಮುಖಮಾಡಿ ನಿಂತರೆ ಸೂರ್ಯನು ಬೆನ್ನ ಹಿಂದಿರುತ್ತಾನೆ. ನೀರು ನೀಲಿಯಾಗಿ, ದೋಣಿಗಳ ಬಣ್ಣ ಸ್ಪಷ್ಟವಾಗಿ ಮೂಡುವುದು ಆಗಲೇ. ಸಂಜೆ ಅದೇ ಸ್ಥಳದಲ್ಲಿ ನಿಂತರೆ ಸೂರ್ಯನು ಎದುರಿಗಿರುತ್ತಾನೆ; ದೋಣಿ, ಮನುಷ್ಯ, ತೆಂಗಿನ ಮರಗಳೆಲ್ಲ ಕಪ್ಪು ಆಕೃತಿಗಳಾಗಿ ಉಳಿಯುತ್ತವೆ. ಸೂರ್ಯಾಸ್ತದ ಚಿತ್ರಕ್ಕೆ ಇದು ಒಪ್ಪುತ್ತದೆ. ಆದರೆ ಬೋಟಿನ ಬಣ್ಣವನ್ನೋ ಸರಕನ್ನೋ ತೋರಿಸಬೇಕಾದವರಿಗೆ ಇದು ಸರಿಯಾದ ಹೊತ್ತಲ್ಲ. ಸಂಜೆಯ ಬೆಳಕಿನಲ್ಲಿ ಕಡಲಿಗೆ ಬೆನ್ನುಮಾಡಿ ದಂಡೆಯ ಮನೆ, ತೋಟ, ಅಂಗಡಿಗಳನ್ನು ತೆಗೆಯುವುದು ಸೂಕ್ತ.

ಮಂಗಳೂರಿನ ರೇಖಾಂಶವು ಭಾರತೀಯ ಕಾಲಮಾನದ ರೇಖೆಗಿಂತ ಏಳೂವರೆ ಡಿಗ್ರಿಗೂ ಹೆಚ್ಚು ಪಶ್ಚಿಮದಲ್ಲಿದೆ. ಹೀಗಾಗಿ ಇಲ್ಲಿ ಸೂರ್ಯನು ನೆತ್ತಿಗೆ ಬರುವುದು ಗಡಿಯಾರದ 12 ಗಂಟೆಗಲ್ಲ, ಸುಮಾರು 12.30ಕ್ಕೆ. ಡಿಸೆಂಬರ್ ಅಂತ್ಯದಲ್ಲಿ ಸೂರ್ಯಾಸ್ತವು ಸಂಜೆ ಸುಮಾರು 6.10ಕ್ಕೆ ಆದರೆ ಜೂನ್ ಅಂತ್ಯದಲ್ಲಿ 7 ಗಂಟೆಯ ಹತ್ತಿರಕ್ಕೆ ಹೋಗುತ್ತದೆ. ಸೂರ್ಯನು ಮುಳುಗುವ ಜಾಗವೂ ಒಂದೇ ಆಗಿರುವುದಿಲ್ಲ. ಡಿಸೆಂಬರಿನಲ್ಲಿ ಪಶ್ಚಿಮದಿಂದ ದಕ್ಷಿಣಕ್ಕೂ ಜೂನಿನಲ್ಲಿ ಉತ್ತರಕ್ಕೂ ಸುಮಾರು 24 ಡಿಗ್ರಿಯಷ್ಟು ಸರಿಯುತ್ತದೆ. ದೀಪಸ್ತಂಭದ ಪಕ್ಕದಲ್ಲಿ ಸೂರ್ಯ ಮುಳುಗುವ ಚಿತ್ರ ಬೇಕಿದ್ದಲ್ಲಿ ಯಾವ ತಿಂಗಳಲ್ಲಿ ಎಲ್ಲಿ ನಿಲ್ಲಬೇಕು ಎಂಬುದನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕಾದುದು ಇದೇ ಕಾರಣಕ್ಕೆ.

ಏಪ್ರಿಲ್ ಕೊನೆಯ ವಾರ ಮತ್ತು ಆಗಸ್ಟ್ ತಿಂಗಳ ಮೂರನೆಯ ವಾರದ ಸುಮಾರಿಗೆ ನಡುಹಗಲಿನ ಸೂರ್ಯನು ಇಲ್ಲಿ ನೇರ ನೆತ್ತಿಯ ಮೇಲಿರುತ್ತಾನೆ. ಆಗಿನ ಮಧ್ಯಾಹ್ನದ ಬೆಳಕಿನಲ್ಲಿ ನೆರಳು ಕಾಲಬುಡದಲ್ಲಿಯೇ ಬೀಳುವುದರಿಂದ ಕಟ್ಟಡಗಳು ಚಪ್ಪಟೆಯಾಗಿಯೂ ಜನರ ಕಣ್ಣುಗಳು ಕಪ್ಪು ಕುಳಿಗಳಂತೆಯೂ ಕಾಣುತ್ತವೆ. ಬೆಳಗಿನ ಮೊದಲ ಎರಡು ಗಂಟೆ ಮತ್ತು ಸಂಜೆಯ ಕೊನೆಯ ಎರಡು ಗಂಟೆಗಳನ್ನು ಚಿತ್ರಕ್ಕೆ ಮೀಸಲಿಟ್ಟು, ನಡುವಿನ ಹೊತ್ತನ್ನು ಪ್ರಯಾಣಕ್ಕೂ ಒಳಾಂಗಣದ ಚಿತ್ರಗಳಿಗೂ ಬಳಸುವುದು ಜಾಣತನ.

ಋತುಗಳ ಲೆಕ್ಕ

ಕರಾವಳಿಯಲ್ಲಿ ವರ್ಷಕ್ಕೆ ಸರಾಸರಿ 3000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ವರೆಗಿನ ನಾಲ್ಕು ತಿಂಗಳಲ್ಲಿಯೇ ಸುರಿಯುತ್ತದೆ. ಮಳೆ ನಿಂತ ಕೂಡಲೇ, ಅಂದರೆ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ವರೆಗೆ, ಗಾಳಿಯಲ್ಲಿನ ಧೂಳು ತೊಳೆದುಹೋಗಿ ಘಟ್ಟದ ಸಾಲು ದಂಡೆಯಿಂದಲೂ ಸ್ಪಷ್ಟವಾಗಿ ಕಾಣುತ್ತದೆ. ಗದ್ದೆಗಳಲ್ಲಿ ಪೈರು, ಮುರಕಲ್ಲಿನ ಗೋಡೆಗಳ ಮೇಲೆ ಹಸಿರು ಪಾಚಿ ಇರುವುದೂ ಆಗಲೇ. ಡಿಸೆಂಬರಿನಿಂದ ಫೆಬ್ರುವರಿ ವರೆಗೆ ಆಕಾಶ ನಿರಭ್ರವಾಗಿದ್ದರೂ ಬೆಳಗಿನ ಮಂಜು ದೂರದ ದೃಶ್ಯವನ್ನು ಮಸುಕುಗೊಳಿಸುತ್ತದೆ. ಕಂಬಳ ಮತ್ತು ಯಕ್ಷಗಾನ ಬಯಲಾಟಗಳ ಕಾಲವೂ ಇದೇ. ಮಾರ್ಚ್‌ನಿಂದ ಮೇ ವರೆಗೆ ಸೆಕೆ ಹೆಚ್ಚು. ಆದರೆ ಮಳೆಗೆ ಮುಂಚಿನ ಮೋಡಗಳು ಕವಿದ ಸಂಜೆಗಳಲ್ಲಿ ಆಕಾಶದ ಬಣ್ಣ ಬೇರೆ ಯಾವ ಕಾಲದಲ್ಲಿಯೂ ದೊರೆಯದಂತಹುದು.

ಪಶ್ಚಿಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಈ ಅವಧಿಯಲ್ಲಿ ಬಂದರುಗಳಲ್ಲಿ ಸಾಲುಗಟ್ಟಿ ನಿಂತ ಬೋಟುಗಳ ಚಿತ್ರ ಸಿಗುತ್ತದೆ. ಬಂದರಿನ ಚಟುವಟಿಕೆಯ ಚಿತ್ರ ಬೇಕಿದ್ದವರು ಆಗಸ್ಟ್ ನಂತರ ಹೋಗಬೇಕು.

ಇಲ್ಲಿ ಗಮನಿಸಬೇಕಾದ ಅಂಶವೊಂದಿದೆ. ಕ್ಯಾಲೆಂಡರಿನ ಆರ್ಡರ್ ಕೊಡುವ ಅಕ್ಟೋಬರ್ ತಿಂಗಳಲ್ಲಿ ಚಿತ್ರಕ್ಕಾಗಿ ಹೊರಟರೆ ಕೈಗೆ ಸಿಗುವುದು ಆ ಕೆಲವು ವಾರಗಳ ದೃಶ್ಯ ಮಾತ್ರ. ಹನ್ನೆರಡು ಹಾಳೆಗಳ ಕ್ಯಾಲೆಂಡರಿಗೆ ಹನ್ನೆರಡು ತಿಂಗಳ ಚಿತ್ರ ಬೇಕಿದ್ದಲ್ಲಿ ಕೆಲಸವು ಹಿಂದಿನ ವರ್ಷದ ಅಕ್ಟೋಬರಿನಲ್ಲಿಯೇ ಆರಂಭವಾಗಬೇಕು. ತಿಂಗಳಿಗೆ ಒಂದು ರಜಾದಿನದ ಪ್ರವಾಸವನ್ನು ಇದಕ್ಕೆ ಮೀಸಲಿಟ್ಟರೆ ಸಾಕು.

ಒಂದು ದಿನದ ಮೂರು ದಾರಿಗಳು

ಮೊದಲನೆಯದು ಮಂಗಳೂರಿನಿಂದ ಹೊರಡುವವರಿಗೆ. ಸುಮಾರು 35 ಕಿಲೋಮೀಟರ್ ದೂರದ ಮೂಡುಬಿದಿರೆಯಲ್ಲಿ 1430ರಲ್ಲಿ ನಿರ್ಮಾಣಗೊಂಡ ಸಾವಿರ ಕಂಬದ ಬಸದಿಯಿದೆ. ಬೆಳಗಿನ ಓರೆ ಬೆಳಕಿನಲ್ಲಿ ಕಂಬಗಳ ಕೆತ್ತನೆ ಚೆನ್ನಾಗಿ ಎದ್ದುಕಾಣುತ್ತದೆ. ಅಲ್ಲಿಂದ ಕಾರ್ಕಳಕ್ಕೆ ಹೋದರೆ 1432ರಲ್ಲಿ ಪ್ರತಿಷ್ಠಾಪನೆಗೊಂಡ, 42 ಅಡಿ ಎತ್ತರದ ಗೊಮ್ಮಟ ವಿಗ್ರಹವೂ 1586ರ ಚತುರ್ಮುಖ ಬಸದಿಯೂ ಇವೆ. ಚತುರ್ಮುಖ ಬಸದಿಗೆ ನಾಲ್ಕು ದಿಕ್ಕುಗಳಿಗೂ ಒಂದೇ ಬಗೆಯ ಮುಖವಿರುವುದರಿಂದ, ಬೆಳಗ್ಗೆ ಪೂರ್ವದ ಮುಖವೂ ಸಂಜೆ ಪಶ್ಚಿಮದ ಮುಖವೂ ಬೆಳಗುತ್ತದೆ; ಹೊತ್ತು ಮೀರಿ ಬಂದವರಿಗೂ ಇಲ್ಲಿ ನಿರಾಶೆಯಿಲ್ಲ. ಸಂಜೆಗೆ ಕಾಪುವಿನ ಕಡಲತೀರಕ್ಕೆ ಇಳಿದರೆ ಬಂಡೆಯ ಮೇಲಿನ 1901ರ ದೀಪಸ್ತಂಭದ ಪಕ್ಕದಲ್ಲಿ ಸೂರ್ಯಾಸ್ತದೊಂದಿಗೆ ದಿನ ಮುಗಿಯುತ್ತದೆ.

ಎರಡನೆಯದು ಉಡುಪಿಯ ಸುತ್ತಣದು. ಪೇಟೆಯಿಂದ ಸುಮಾರು 6 ಕಿಲೋಮೀಟರ್ ದೂರದ ಮಲ್ಪೆ ಬಂದರಿಗೆ ಬೆಳಕು ಹರಿಯುವ ಮುನ್ನ ತಲುಪಿದರೆ ಮೀನು ಇಳಿಸುವ, ಹರಾಜು ಕೂಗುವ, ಮಂಜುಗಡ್ಡೆ ತುಂಬುವ ದೃಶ್ಯಗಳು ಸಿಗುತ್ತವೆ. ನಂತರ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಬಹುದು. ಲಾವಾರಸ ತಣಿದು ಬಹುಕೋನಾಕೃತಿಯ ಕಂಬಗಳಾಗಿ ನಿಂತಿರುವ ಈ ಶಿಲೆಗಳನ್ನು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಮಳೆಗಾಲದಲ್ಲಿ ದ್ವೀಪಕ್ಕೆ ದೋಣಿ ಸಂಚಾರವಿರುವುದಿಲ್ಲ. ಸಂಜೆಗೆ ಕೋಡಿ ಬೆಂಗ್ರೆಯ ಅಳಿವೆ ಸೂಕ್ತ ಸ್ಥಳ. ಒಂದು ಬದಿಗೆ ಹೊಳೆ, ಇನ್ನೊಂದು ಬದಿಗೆ ಕಡಲು ಇರುವ ಇಲ್ಲಿ ಮೀನುಗಾರರ ಮನೆ, ಬಲೆ, ದೋಣಿಗಳೇ ದೃಶ್ಯ.

ಮೂರನೆಯದು ಕುಂದಾಪುರದಿಂದ ಉತ್ತರಕ್ಕೆ. ಮರವಂತೆಯಲ್ಲಿ ರಾಷ್ಟ್ರೀಯ ಹೆದ್ದಾರಿ 66ರ ಒಂದು ಬದಿಗೆ ಅರಬ್ಬೀ ಸಮುದ್ರವೂ ಇನ್ನೊಂದು ಬದಿಗೆ ಸೌಪರ್ಣಿಕಾ ನದಿಯೂ ಇವೆ. ಬಹುಪಾಲು ಪ್ರವಾಸಿಗರು ಸಂಜೆಯ ಕಡಲನ್ನಷ್ಟೇ ತೆಗೆದು ಮರಳುತ್ತಾರೆ. ಬೆಳಗಿನ ಜಾವ ಅದೇ ಹೆದ್ದಾರಿಯಲ್ಲಿ ಪೂರ್ವಕ್ಕೆ ತಿರುಗಿ ನಿಂತರೆ ನದಿ, ತೆಂಗಿನ ತೋಟ ಮತ್ತು ಹಿನ್ನೆಲೆಯಲ್ಲಿ ಕೊಡಚಾದ್ರಿಯ ಸಾಲು ಕಾಣುತ್ತವೆ. ಮುಂದೆ ಮುರ್ಡೇಶ್ವರದಲ್ಲಿ 237 ಅಡಿ ಎತ್ತರದ ರಾಜಗೋಪುರ ಮತ್ತು 123 ಅಡಿ ಎತ್ತರದ ಶಿವನ ವಿಗ್ರಹ, ಹೊನ್ನಾವರದ ಬಳಿ ಶರಾವತಿ ಹಿನ್ನೀರಿನ ಕಾಂಡ್ಲಾವನಗಳು ಇವೆ. ಕುಮಟಾ ಕಡೆಯ ವ್ಯಾಪಾರಿಗಳಿಗೆ ಮಿರ್ಜಾನಿನ ಮುರಕಲ್ಲಿನ ಕೋಟೆ ಮತ್ತು ಬೇಸಿಗೆಯಲ್ಲಿ ಸಾಣಿಕಟ್ಟಾದ ಉಪ್ಪಿನ ಆಗರಗಳು ಅರ್ಧ ದಿನದ ಕೆಲಸ.

ಚಿತ್ರದ ಆಸೆಗೆ ನೀರಿಗಿಳಿಯುವುದು ಮತ್ತು ಒದ್ದೆ ಬಂಡೆಯ ಅಂಚಿಗೆ ಹೋಗುವುದು ಪ್ರಾಣಾಪಾಯಕಾರಿ. 2024ರ ಡಿಸೆಂಬರಿನಲ್ಲಿ, ಮಳೆಗಾಲವಲ್ಲದ ದಿನಗಳಲ್ಲಿಯೇ, ಶಾಲಾ ಪ್ರವಾಸಕ್ಕೆಂದು ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದ ಕಡಲಿನಲ್ಲಿ ನೀರುಪಾಲಾದರು. ಸಿಬ್ಬಂದಿಯನ್ನು ಪ್ರವಾಸಕ್ಕೆ ಕರೆದೊಯ್ಯುವ ಸಂಸ್ಥೆಗಳು ಉಬ್ಬರವಿಳಿತದ ವೇಳೆಯನ್ನು ಮೊದಲೇ ತಿಳಿದು, ಜೀವರಕ್ಷಕರ ಸೂಚನೆಯನ್ನು ಕಟ್ಟುನಿಟ್ಟಾಗಿ ಪಾಲಿಸಬೇಕು.

ದುಡಿಮೆಯ ಸ್ಥಳವೂ ದೃಶ್ಯವೇ

ಕಡಲು ಮತ್ತು ದೇವಾಲಯಗಳನ್ನಷ್ಟೇ ದೃಶ್ಯವೆಂದು ಭಾವಿಸುವುದು ರೂಢಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ 1865ರಲ್ಲಿ ಹಂಚಿನ ಕಾರ್ಖಾನೆ ಆರಂಭಿಸಿದ ನಂತರ ಕರಾವಳಿಯ ಊರುಗಳ ಬಣ್ಣವೇ ಬದಲಾಯಿತು. ಎತ್ತರದಿಂದ ನೋಡಿದಾಗ ತೆಂಗಿನ ಹಸಿರಿನ ನಡುವೆ ಕಾಣುವ ಕೆಂಪು ಮಾಡುಗಳು ಒಂದು ಉದ್ಯಮದ ಕೊಡುಗೆ. ಅಂಗಳದಲ್ಲಿ ಒಣಗುವ ಅಡಿಕೆ, ಗೇರುಬೀಜದ ಸಿಪ್ಪೆ ಸುಲಿಯುವ ಕೈಗಳು, ಕೈಮಗ್ಗದ ಉಡುಪಿ ಸೀರೆ, ಮಟ್ಟುಗುಳ್ಳದ ಗದ್ದೆ, ಮಲ್ಲಿಗೆ ಕಟ್ಟುವ ಚಿಟ್ಟೆ, ಬೋಟು ಕಟ್ಟುವ ಅಂಗಳ ಇವೆಲ್ಲವೂ ಚಿತ್ರಕ್ಕೆ ಅರ್ಹ. ಸಣ್ಣ ಉತ್ಪಾದಕನ ಪೊಟ್ಟಣದ ಮೇಲೆ ಸೂರ್ಯಾಸ್ತಕ್ಕಿಂತ ಅವನದೇ ಅಂಗಳದ ಚಿತ್ರ ಹೆಚ್ಚು ಹೇಳುತ್ತದೆ. ಸೂರ್ಯಾಸ್ತವನ್ನು ಯಾರೂ ಮುದ್ರಿಸಬಹುದು, ಅಂಗಳವು ಅವನೊಬ್ಬನದು.

ಅನುಮತಿ ಎಲ್ಲಿ ಬೇಕು?

ಸಾರ್ವಜನಿಕ ಸ್ಥಳದಲ್ಲಿ ಶಾಶ್ವತವಾಗಿ ಇರುವ ಶಿಲ್ಪದ ಮತ್ತು ಕಟ್ಟಡಗಳ ಛಾಯಾಚಿತ್ರ ತೆಗೆದು ಪ್ರಕಟಿಸುವುದು 1957ರ ಕೃತಿಸ್ವಾಮ್ಯ ಕಾಯಿದೆಯ ಸೆಕ್ಷನ್ 52ರಂತೆ ಕೃತಿಸ್ವಾಮ್ಯದ ಉಲ್ಲಂಘನೆಯಾಗುವುದಿಲ್ಲ. ಆದರೆ ಪೂಜಾಸ್ಥಳಗಳ ಒಳಗೆ ಆಡಳಿತದವರ ನಿಯಮವೇ ಅಂತಿಮ. ಭೂತಕೋಲ, ನಾಗಮಂಡಲ ಮೊದಲಾದ ಆಚರಣೆಗಳ ಚಿತ್ರವನ್ನು ಸರಕಿನ ಪೊಟ್ಟಣದ ಮೇಲೆ ಮುದ್ರಿಸುವ ಮುನ್ನ ಸಂಬಂಧಪಟ್ಟವರನ್ನು ಕೇಳುವುದು ಶಿಷ್ಟಾಚಾರವೂ ಹೌದು, ವ್ಯಾಪಾರದ ಹಿತವೂ ಹೌದು. ಭಕ್ತರ ಮನಸ್ಸನ್ನು ನೋಯಿಸಿದ ಸರಕು ಊರಿನಲ್ಲಿಯೇ ಮಾರಾಟವಾಗದು.

ಕಾರವಾರದ ನೌಕಾನೆಲೆಯಂತಹ ರಕ್ಷಣಾ ಸ್ಥಳಗಳ ಛಾಯಾಚಿತ್ರ ತೆಗೆಯುವುದು 1923ರ ಅಧಿಕೃತ ರಹಸ್ಯಗಳ ಕಾಯಿದೆಯಡಿ ಗಂಭೀರ ಅಪರಾಧವಾಗಬಹುದು. ಬಂದರಿನ ಭದ್ರತಾ ವಲಯ ಹಾಗೂ ರೈಲ್ವೆ ಆವರಣಗಳಲ್ಲಿ ವಾಣಿಜ್ಯ ಉದ್ದೇಶದ ಚಿತ್ರಣಕ್ಕೆ ಮುಂಚಿತ ಅನುಮತಿ ಪಡೆಯಬೇಕು. ಡ್ರೋನ್ ಬಳಸುವವರು 2021ರ ಡ್ರೋನ್ ನಿಯಮಗಳಂತೆ ಡಿಜಿಟಲ್ ಸ್ಕೈ ತಾಣದ ನಕ್ಷೆಯಲ್ಲಿ ಸ್ಥಳವು ಹಸಿರು, ಹಳದಿ, ಕೆಂಪು ವಲಯಗಳಲ್ಲಿ ಯಾವುದಕ್ಕೆ ಸೇರಿದೆಯೆಂದು ನೋಡಿಕೊಳ್ಳಬೇಕು. ಬಜ್ಪೆ ವಿಮಾನ ನಿಲ್ದಾಣದ ಸುತ್ತಮುತ್ತ ನಿರ್ಬಂಧಗಳು ಹೆಚ್ಚು. 250 ಗ್ರಾಮಿಗಿಂತ ಹೆಚ್ಚು ತೂಕದ ಡ್ರೋನನ್ನು ವಾಣಿಜ್ಯ ಕೆಲಸಕ್ಕಾಗಿ ಹಾರಿಸುವವರಿಗೆ ಪೈಲಟ್ ಪ್ರಮಾಣಪತ್ರ ಕಡ್ಡಾಯ. ಬಾಡಿಗೆಗೆ ಡ್ರೋನ್ ತರಿಸುವ ವ್ಯಾಪಾರಿಯು ಅದರ ಪ್ರತಿಯನ್ನು ಕೇಳಿ ಪಡೆಯುವುದು ಒಳಿತು.

ವ್ಯಕ್ತಿಗಳ ವಿಷಯದಲ್ಲಿ ಇನ್ನಷ್ಟು ಎಚ್ಚರ ಅಗತ್ಯ. ಖಾಸಗಿತನವು ಮೂಲಭೂತ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ತೀರ್ಪಿತ್ತಿದೆ. ಮೀನು ಮಾರುವ ಮಹಿಳೆಯ ಮುಖವನ್ನು ಮಸಾಲೆ ಪುಡಿಯ ಪೊಟ್ಟಣದ ಮೇಲೆ ಮುದ್ರಿಸುವುದಾದರೆ ಆಕೆಗೆ ಅರ್ಥವಾಗುವ ಭಾಷೆಯಲ್ಲಿ ಬರೆದ ಒಪ್ಪಿಗೆ ಪತ್ರ ಪಡೆದು, ಸೂಕ್ತ ಗೌರವಧನವನ್ನೂ ಸಲ್ಲಿಸಬೇಕು.

ಚಿತ್ರ ಯಾರ ಸ್ವತ್ತು?

ಛಾಯಾಚಿತ್ರದ ಕರ್ತೃ ಅದನ್ನು ತೆಗೆದ ವ್ಯಕ್ತಿ. ಆದರೆ ಹಕ್ಕಿನ ಮೊದಲ ಒಡೆತನ ಯಾರದು ಎಂಬುದು ಸಂದರ್ಭವನ್ನು ಅವಲಂಬಿಸಿದೆ. ಕಾಯಿದೆಯ ಸೆಕ್ಷನ್ 17ರಂತೆ, ಹಣ ಕೊಟ್ಟು ಹೇಳಿ ತೆಗೆಸಿದ ಛಾಯಾಚಿತ್ರದ ಮೊದಲ ಒಡೆಯನು ತೆಗೆಸಿದವನು. ಸಂಬಳದ ನೌಕರನು ಕೆಲಸದ ಭಾಗವಾಗಿ ತೆಗೆದುದರ ಒಡೆಯನು ಸಂಸ್ಥೆಯ ಯಜಮಾನ. ಇದಕ್ಕೆ ವಿರುದ್ಧವಾದ ಒಪ್ಪಂದವಿದ್ದಲ್ಲಿ ಒಪ್ಪಂದವೇ ಊರ್ಜಿತ.

ವ್ಯಾಪಾರಿಗಳು ಎಡವುವುದು ಉಳಿದ ಎರಡು ಸಂದರ್ಭಗಳಲ್ಲಿ. ಛಾಯಾಗ್ರಾಹಕನು ಮೊದಲೇ ತೆಗೆದಿಟ್ಟಿದ್ದ ಚಿತ್ರವನ್ನು ಹಣ ಕೊಟ್ಟು ಪಡೆದರೂ ಒಡೆತನ ಅವನಲ್ಲಿಯೇ ಉಳಿಯುತ್ತದೆ. ಖರೀದಿದಾರನಿಗೆ ದೊರೆಯುವುದು ಬಳಕೆಯ ಪರವಾನಗಿ ಮಾತ್ರ. ಸೋದರಳಿಯನೋ ಪಕ್ಕದ ಅಂಗಡಿಯವನೋ ಪ್ರೀತಿಯಿಂದ ಉಚಿತವಾಗಿ ತೆಗೆದುಕೊಟ್ಟ ಚಿತ್ರದ ಹಕ್ಕೂ ತೆಗೆದವನದೇ. ಇಂದಿನ ವಿಶ್ವಾಸ ನಾಳೆಯೂ ಉಳಿಯುತ್ತದೆಂಬ ಭರವಸೆ ವ್ಯವಹಾರದಲ್ಲಿ ಸಾಲದು, ಕಾಗದ ಬೇಕು.

ಹಕ್ಕಿನ ವರ್ಗಾವಣೆ ಲಿಖಿತವಾಗಿ, ಸಹಿಯೊಂದಿಗೆ ಇರಬೇಕು. ಯಾವ ಚಿತ್ರ, ಯಾವ ಬಳಕೆ, ಎಷ್ಟು ಕಾಲ, ಯಾವ ಪ್ರದೇಶ, ಎಷ್ಟು ಹಣ ಎಂಬುದನ್ನು ಅದರಲ್ಲಿ ನಮೂದಿಸಬೇಕು. ಕಾಲವನ್ನು ನಮೂದಿಸದಿದ್ದಲ್ಲಿ 5 ವರ್ಷವೆಂದೂ ಪ್ರದೇಶವನ್ನು ನಮೂದಿಸದಿದ್ದಲ್ಲಿ ಭಾರತಕ್ಕೆ ಮಾತ್ರ ಸೀಮಿತವೆಂದೂ ಕಾಯಿದೆ ಪರಿಗಣಿಸುತ್ತದೆ. ಕೊಲ್ಲಿ ದೇಶಗಳಿಗೆ ಹಪ್ಪಳ, ಉಪ್ಪಿನಕಾಯಿ ರಫ್ತು ಮಾಡುವ ಸಂಸ್ಥೆಗೆ ಈ ಎರಡನೆಯ ಅಂಶ ಬಹಳ ಮುಖ್ಯ.

2012ರ ತಿದ್ದುಪಡಿಯ ನಂತರ ಛಾಯಾಚಿತ್ರದ ಕೃತಿಸ್ವಾಮ್ಯವು ಕರ್ತೃವಿನ ಜೀವಿತಾವಧಿ ಮತ್ತು ಅನಂತರದ 60 ವರ್ಷಗಳವರೆಗೆ ಇರುತ್ತದೆ. ಗೊತ್ತಿದ್ದೂ ಲಾಭಕ್ಕಾಗಿ ಉಲ್ಲಂಘಿಸಿದವರಿಗೆ ಸೆಕ್ಷನ್ 63ರಂತೆ 6 ತಿಂಗಳಿಂದ 3 ವರ್ಷಗಳವರೆಗೆ ಸೆರೆವಾಸ ಮತ್ತು 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. "ಅಂತರಜಾಲದಲ್ಲಿ ಸಿಕ್ಕಿತು" ಎಂಬುದು ಸಮರ್ಥನೆಯಾಗುವುದಿಲ್ಲ.

ಮುದ್ರಣಕ್ಕೆ ಬೇಕಾದ ಅಳತೆ

ಉತ್ತಮ ಮುದ್ರಣಕ್ಕೆ ಅಂಗುಲಕ್ಕೆ 300 ಬಿಂದುಗಳೆಂಬುದು ಸಾಮಾನ್ಯ ಲೆಕ್ಕ. 4 x 6 ಅಂಗುಲದ ಪೊಟ್ಟಣಕ್ಕೆ 1200 x 1800 ಪಿಕ್ಸೆಲ್ ಸಾಕು. 12 x 18 ಅಂಗುಲದ ಕ್ಯಾಲೆಂಡರಿಗೆ 3600 x 5400, ಅಂದರೆ ಸುಮಾರು 1 ಕೋಟಿ 94 ಲಕ್ಷ ಪಿಕ್ಸೆಲ್ ಬೇಕು. ಗೋಡೆಯ ಮೇಲೆ ದೂರದಿಂದ ನೋಡುವಂತಹದಕ್ಕೆ ಅಂಗುಲಕ್ಕೆ 200 ಬಿಂದುಗಳಾದರೂ ನಡೆಯುತ್ತದೆ. ಆಗ 1 ಕೋಟಿ 20 ಲಕ್ಷ ಪಿಕ್ಸೆಲ್‌ನ ಮೊಬೈಲ್ ಕ್ಯಾಮೆರಾ ಸಹ ಸಾಲುತ್ತದೆ. ಆದರೆ ವಾಟ್ಸ್ಆ್ಯಪ್ ಮೂಲಕ ಚಿತ್ರವಾಗಿ ಕಳುಹಿಸಿದಾಗ ಗಾತ್ರ ಕುಗ್ಗುವುದರಿಂದ ಮುದ್ರಣಾಲಯಕ್ಕೆ ಮೂಲ ಕಡತವನ್ನೇ ಪೆನ್‌ಡ್ರೈವ್ ಅಥವಾ ಇ-ಮೇಲ್ ಮೂಲಕ ತಲುಪಿಸಬೇಕು. ಪರದೆಯ ಮೇಲೆ ಹೊಳೆಯುವ ಕಡಲ ನೀಲಿ ಬಣ್ಣವು ನಾಲ್ಕು ಬಣ್ಣಗಳ ಮುದ್ರಣದಲ್ಲಿ ಮಂಕಾಗುವುದು ಸಹಜ; ಆದುದರಿಂದ ಪೂರ್ಣ ಮುದ್ರಣಕ್ಕೆ ಮುನ್ನ ಮಾದರಿ ಪ್ರತಿಯನ್ನು ನೋಡಿ ಒಪ್ಪಬೇಕು.

ಕ್ಯಾಮೆರಾ ಇಟ್ಟುಕೊಂಡವರಿಗೆ ಕರಾವಳಿಯ ಉಪ್ಪು ಗಾಳಿಯೂ ತೇವವೂ ಶತ್ರುಗಳು. ದಂಡೆಯಿಂದ ಮರಳಿದೊಡನೆ ತುಸು ಒದ್ದೆಯಾದ ಮೆತ್ತನೆಯ ಬಟ್ಟೆಯಿಂದ ಹೊರಮೈಯನ್ನು ಒರೆಸಿ ಒಣಗಿಸಬೇಕು. ಮಳೆಗಾಲದಲ್ಲಿ ಮಸೂರಕ್ಕೆ ಬೂಷ್ಟು ಹಿಡಿಯದಂತೆ ಸಿಲಿಕಾ ಜೆಲ್ ಹಾಕಿದ, ಗಾಳಿಯಾಡದ ಡಬ್ಬಿಯಲ್ಲಿ ಇಡಬೇಕು.

ಚಿತ್ರ ಮತ್ತು ಸತ್ಯ

ಹೋಮ್‌ಸ್ಟೇ, ದೋಣಿವಿಹಾರ, ಬಾಡಿಗೆ ವಾಹನದ ವ್ಯವಹಾರ ನಡೆಸುವವರಿಗೆ ಚಿತ್ರವೆಂಬುದು ಗ್ರಾಹಕನಿಗೆ ಕೊಟ್ಟ ಮಾತು. ಕಡಲಿನಿಂದ ಮೂರು ಕಿಲೋಮೀಟರ್ ಒಳಗಿರುವ ಮನೆಯ ಪ್ರಚಾರಪತ್ರದಲ್ಲಿ ಕಿಟಕಿಯಾಚೆ ಅಲೆಗಳನ್ನು ತೋರಿಸಿದರೆ ಅದು ಸುಳ್ಳು ಜಾಹೀರಾತು. 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯಂತೆ ದಾರಿತಪ್ಪಿಸುವ ಜಾಹೀರಾತಿಗೆ ಕೇಂದ್ರ ಪ್ರಾಧಿಕಾರವು 10 ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ತಪ್ಪು ಮರುಕಳಿಸಿದಲ್ಲಿ ಅದು 50 ಲಕ್ಷದವರೆಗೆ ಏರಬಹುದು. ಕಂಪ್ಯೂಟರಿನಲ್ಲಿ ಕೃತಕವಾಗಿ ಸೃಷ್ಟಿಸಿದ ದೃಶ್ಯಗಳು ಸುಲಭವಾಗಿ ದೊರೆಯುತ್ತಿರುವ ಈ ದಿನಗಳಲ್ಲಿ, ಇಂಥ ಸ್ಥಳ, ಇಂಥ ತಿಂಗಳು ಎಂದು ನಮೂದಿಸಿದ ನಿಜವಾದ ಚಿತ್ರಕ್ಕೆ ಬೆಲೆ ಹೆಚ್ಚುತ್ತದೆಯೇ ಹೊರತು ಕುಗ್ಗುವುದಿಲ್ಲ.

ಇದಕ್ಕಾಗಿ ಪ್ರತಿ ಸಂಸ್ಥೆಯೂ ಒಂದು ಚಿತ್ರ ಖಾತೆಯನ್ನು ಇಟ್ಟುಕೊಳ್ಳುವುದು ಉಪಯುಕ್ತ. ಕ್ರಮಸಂಖ್ಯೆ, ಸ್ಥಳ, ದಿನಾಂಕ, ಹೊತ್ತು, ತೆಗೆದವರ ಹೆಸರು, ಹಕ್ಕಿನ ಕಾಗದ, ವ್ಯಕ್ತಿಗಳ ಒಪ್ಪಿಗೆ ಪತ್ರ ಮತ್ತು ಎಲ್ಲಿ ಬಳಸಲಾಯಿತು ಎಂಬ ಎಂಟು ಅಂಕಣಗಳು ಸಾಕು. ಒಂದೇ ಊರಿನ ನಾಲ್ಕೈದು ಸಣ್ಣ ಸಂಸ್ಥೆಗಳು ಸೇರಿ ಒಬ್ಬ ಸ್ಥಳೀಯ ಛಾಯಾಗ್ರಾಹಕನಿಗೆ ವರ್ಷದ ಕೆಲಸ ವಹಿಸಿದರೆ ವೆಚ್ಚವೂ ಹಂಚಿಹೋಗುತ್ತದೆ, ಊರಿನ ಕಸುಬುದಾರನಿಗೆ ಉದ್ಯೋಗವೂ ದೊರೆಯುತ್ತದೆ. ಅಂತಹ ಒಪ್ಪಂದದಲ್ಲಿ ಯಾವ ಚಿತ್ರದ ಹಕ್ಕು ಯಾವ ಸಂಸ್ಥೆಯದು ಎಂಬುದನ್ನು ಮೊದಲೇ ಬರೆದಿಡಬೇಕು.

ಮುಂದಿನ ಅಕ್ಟೋಬರಿನಲ್ಲಿ ಮುದ್ರಣಾಲಯದವರು ಚಿತ್ರ ಕೇಳಿದಾಗ ಈ ಖಾತೆಯನ್ನು ತೆರೆದು ಕ್ರಮಸಂಖ್ಯೆಯನ್ನಷ್ಟೇ ಹೇಳಿದರಾಯಿತು. ಆ ಕ್ಯಾಲೆಂಡರನ್ನು ಮುಂಬಯಿಯಲ್ಲೋ ಕೊಲ್ಲಿಯಲ್ಲೋ ಗೋಡೆಗೆ ತೂಗುಹಾಕುವ ಕರಾವಳಿಯ ಮನೆಯವರು ಅದನ್ನು ತಮ್ಮ ಊರೆಂದು ಗುರುತಿಸುವರು. ಕೆಳಗೆ ಅಚ್ಚಾದ ಸಂಸ್ಥೆಯ ಹೆಸರೂ ಅದರೊಂದಿಗೆ ನೆನಪಿನಲ್ಲಿ ಉಳಿಯುತ್ತದೆ.